ಹಾಸನ, ಚಿಕ್ಕಮಗಳೂರಿನಿಂದ ವಿಮಾನ ಪ್ರಯಾಣ: ದೂರ ಎಷ್ಟು, ಎಷ್ಟು ಹೊತ್ತು ಹಿಡಿಯುತ್ತೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಗಳು ದೆಹಲಿಯಲ್ಲಿ, ಅಳಿಯ ದುಬೈಯಲ್ಲಿ, ಮೊಮ್ಮಗ ಅಮೆರಿಕದಲ್ಲಿ. ನಮ್ಮ ಕಡೆ ಈಗ ಮನೆಗೊಬ್ಬರು ಹೀಗೆ ಹೊರಗಿದ್ದಾರೆ. ಹೊರಡುವ ಮುಂಚೆ ಎಲ್ಲರೂ ಕೇಳುವುದು ಒಂದೇ: ವಿಮಾನದಲ್ಲಿ ಎಷ್ಟು ಹೊತ್ತು? ಆ ಪ್ರಶ್ನೆಗೆ ಉತ್ತರ ಸುಲಭ. ಆದರೆ ಹಾಸನ, ಚಿಕ್ಕಮಗಳೂರಿನವರಿಗೆ ಆ ಉತ್ತರ ಒಂದೇ ಸಾಕಾಗುವುದಿಲ್ಲ. ಕೆಳಗಿನ ದೂರ ಮತ್ತು ಸಮಯ ಎಲ್ಲವೂ ಸುಮಾರು ಲೆಕ್ಕ. ವಿಮಾನದ ವೇಳಾಪಟ್ಟಿ ವರ್ಷಕ್ಕೆರಡು ಸಲವಾದರೂ ಬದಲಾಗುತ್ತದೆ, ಹಾಗಾಗಿ ಟಿಕೆಟ್ ತೆಗೆಯುವ ದಿನ ಒಮ್ಮೆ ನೋಡಿಕೊಳ್ಳಿ.

ಹಾಸನದಿಂದ ದೆಹಲಿಗೆ ವಿಮಾನದಲ್ಲಿ ಎಷ್ಟು ಹೊತ್ತು?

ಇಂಟರ್ನೆಟ್‌ನಲ್ಲಿ ಹುಡುಕಿದರೆ "1,730 ಕಿ.ಮೀ., 2 ಗಂಟೆ 40 ನಿಮಿಷ" ಅನ್ನುವಂಥ ಉತ್ತರ ಸಿಗುತ್ತದೆ. ದೂರ ಸರಿಯಾಗಿಯೇ ಇದೆ. ಭೂಪಟದ ಮೇಲೆ ಹಾಸನದಿಂದ ದೆಹಲಿಗೆ ಗೆರೆ ಎಳೆದರೆ ಹತ್ತಿರ ಹತ್ತಿರ ಅಷ್ಟೇ ಬರುತ್ತದೆ. ಚಿಕ್ಕಮಗಳೂರಿನಿಂದ ಸುಮಾರು 1,700. ಆದರೆ ಆ ಗೆರೆಯ ಮೇಲೆ ಹಾರುವ ವಿಮಾನವೇ ಇಲ್ಲ. ಎರಡೂ ಊರಿನಲ್ಲಿ ಪ್ರಯಾಣಿಕರ ವಿಮಾನ ಇನ್ನೂ ಶುರುವಾಗಿಲ್ಲ.

ನಿಜವಾದ ಲೆಕ್ಕ ಹೀಗೆ. ಹಾಸನದ ಮನೆಯಿಂದ ದೇವನಹಳ್ಳಿ ಬಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಕಾರಿನಲ್ಲಿ ನಾಲ್ಕು ಗಂಟೆ. ವಿಮಾನಕ್ಕೆ ಎರಡು ಗಂಟೆ ಮುಂಚೆ ಅಲ್ಲಿರಬೇಕು. ಬೆಂಗಳೂರಿನಿಂದ ದೆಹಲಿಗೆ ಎರಡೂಮುಕ್ಕಾಲು ಗಂಟೆ. ಇಳಿದ ಮೇಲೆ ಲಗೇಜು ತಗೊಂಡು ಹೊರಗೆ ಬರಲು ಮುಕ್ಕಾಲು ಗಂಟೆ, ಅಲ್ಲಿಂದ ಮಗಳ ಮನೆಗೆ ಇನ್ನೊಂದು ಗಂಟೆ. ಒಟ್ಟು ಹತ್ತೂವರೆ ಗಂಟೆ ಆಯಿತು. ಇದರಲ್ಲಿ ಆಕಾಶದಲ್ಲಿ ಕಳೆಯುವುದು ಕಾಲು ಭಾಗ ಮಾತ್ರ.

ಯಾವ ಊರಿಗೆ ಹೋಗುವುದಾದರೂ ಮೊದಲ ಆರು ಗಂಟೆ ಹೀಗೇ ಇರುತ್ತದೆ. ಹಾಗಾಗಿ ಹೈದರಾಬಾದಿನಂಥ ಹತ್ತಿರದ ಊರಿಗೆ ವಿಮಾನ ಅಷ್ಟೇನೂ ಸಮಯ ಉಳಿಸುವುದಿಲ್ಲ. ದೆಹಲಿ, ಕೋಲ್ಕತ್ತ, ಗುವಾಹಟಿಗೆ ಹೋಗುವವರಿಗೆ ಲಾಭ ಜಾಸ್ತಿ.

ಆ ಜಾಲತಾಣಗಳು ಹಾಗಾದರೆ ಸಮಯ ಎಲ್ಲಿಂದ ತರುತ್ತವೆ?

ಗುಣಾಕಾರ ಭಾಗಾಕಾರ, ಅಷ್ಟೇ. ಎರಡು ಊರಿನ ಅಕ್ಷಾಂಶ ರೇಖಾಂಶ ತಗೊಂಡು ನೇರ ದೂರ ಹಾಕುತ್ತವೆ. ಅದನ್ನು ಗಂಟೆಗೆ 800 ಕಿ.ಮೀ. ವೇಗದಿಂದ ಭಾಗಿಸುತ್ತವೆ. ಏರಲು, ಇಳಿಯಲು ಅಂತ ಅರ್ಧ ಗಂಟೆ ಸೇರಿಸುತ್ತವೆ. 1,730 ಕಿ.ಮೀ.ಗೆ ಹೀಗೆ ಮಾಡಿದರೆ 2 ಗಂಟೆ 40 ನಿಮಿಷ ತಾನಾಗಿಯೇ ಬರುತ್ತದೆ. ಅಲ್ಲಿ ರನ್‌ವೇ ಇದೆಯೋ, ಕಾಫಿ ತೋಟ ಇದೆಯೋ, ಆ ಲೆಕ್ಕಕ್ಕೆ ಗೊತ್ತಿಲ್ಲ.

ದೂರವನ್ನು ಮಾತ್ರ ನಂಬಬಹುದು. ಸಮಯವನ್ನು ವಿಮಾನ ಕಂಪನಿಯ ವೇಳಾಪಟ್ಟಿಯಲ್ಲೇ ನೋಡಬೇಕು. ಮೈಲಿ ಅಂತ ಬರೆದಿದ್ದರೆ ಸ್ವಲ್ಪ ಹುಷಾರು. ವಿಮಾನದವರು ಹೇಳುವ ನಾಟಿಕಲ್ ಮೈಲಿ 1.852 ಕಿ.ಮೀ., ರಸ್ತೆಯ ಮೈಲಿ 1.609 ಕಿ.ಮೀ.

ಹಾಸನದಿಂದ ಚಿಕ್ಕಮಗಳೂರಿಗೆ ವಿಮಾನದಲ್ಲಿ ಎಷ್ಟು ಹೊತ್ತು?

ನಗಬೇಡಿ, ಇದನ್ನೂ ಹುಡುಕುವವರಿದ್ದಾರೆ. ನೇರ ದೂರ 50 ಕಿ.ಮೀ. ರಸ್ತೆಯಲ್ಲಿ ಬೇಲೂರಿನ ಮೇಲೆ 60ರ ಆಸುಪಾಸು. ಬಸ್ಸು ಹತ್ತಿ ಕೂತರೆ ಒಂದೂವರೆ ಗಂಟೆ, ಬೇಲೂರಿನಲ್ಲಿ ಹತ್ತು ನಿಮಿಷ ನಿಂತರೂ ಸೇರಿ.

ನಮಗೆ ಹತ್ತಿರದ ವಿಮಾನ ನಿಲ್ದಾಣ ಯಾವುದು?

ಭೂಪಟ ನೋಡಿದರೆ ಒಂದು ಉತ್ತರ, ರಸ್ತೆ ನೋಡಿದರೆ ಇನ್ನೊಂದು, ವಿಮಾನಗಳ ಪಟ್ಟಿ ನೋಡಿದರೆ ಮತ್ತೊಂದು.

ಹಾಸನದಿಂದ ಮೈಸೂರಿನ ಮಂಡಕಳ್ಳಿ ನಿಲ್ದಾಣಕ್ಕೆ ರಸ್ತೆಯಲ್ಲಿ 125 ಕಿ.ಮೀ. ಆಸುಪಾಸು. ಮಂಗಳೂರಿಗೆ 170, ಬೆಂಗಳೂರು ಏರ್‌ಪೋರ್ಟಿಗೆ 210ರಿಂದ 220. ಚಿಕ್ಕಮಗಳೂರಿನವರಿಗೆ ಶಿವಮೊಗ್ಗದ ಸೋಗಾನೆ ಎಲ್ಲಕ್ಕಿಂತ ಹತ್ತಿರ, ನೂರು ಕಿ.ಮೀ.ಗಿಂತ ಕಡಿಮೆ. ಮಂಗಳೂರು 150, ಬೆಂಗಳೂರು ಏರ್‌ಪೋರ್ಟು 250ರ ಮೇಲೆ.

ಹೀಗಿದ್ದರೂ ನಮ್ಮ ಜನ ಹೆಚ್ಚಾಗಿ ಬೆಂಗಳೂರಿಗೇ ಹೋಗುತ್ತಾರೆ. ಅದು ಸುಮ್ನೆ ಅಲ್ಲ. ಹತ್ತಿರದ ನಿಲ್ದಾಣದಿಂದ ದಿನಕ್ಕೆ ಒಂದೋ ಎರಡೋ ವಿಮಾನ. ಅದು ರದ್ದಾದರೆ ಮಾರನೇ ದಿನವೇ ಗತಿ. ಬೆಂಗಳೂರಿನಲ್ಲಿ ಒಂದು ತಪ್ಪಿದರೆ ಎರಡು ಗಂಟೆಯಲ್ಲಿ ಇನ್ನೊಂದು ಇರುತ್ತದೆ.

ಹುಡುಕುವಾಗ ಊರಿನ ಹೆಸರು ಹಾಕಿ ಏನೂ ಬಾರದಿದ್ದರೆ ಸಂಕೇತ ಅಕ್ಷರ ಹಾಕಿ: ಬೆಂಗಳೂರು ಬಿಎಲ್‌ಆರ್, ಮಂಗಳೂರು ಐಎಕ್ಸ್‌ಇ, ಮೈಸೂರು ಎಂವೈಕ್ಯೂ, ಶಿವಮೊಗ್ಗ ಆರ್‌ಕ್ಯೂವೈ.

ಬೆಂಗಳೂರೋ, ಮಂಗಳೂರೋ?

ಇದು ನಿಜಕ್ಕೂ ಯೋಚಿಸಬೇಕಾದ ಪ್ರಶ್ನೆ. ಮಂಗಳೂರಿನಿಂದ ನೇರ ವಿಮಾನ ಇದ್ದರೆ ಮಂಗಳೂರು. ಇಲ್ಲದಿದ್ದರೆ ಬೆಂಗಳೂರು. ಇಷ್ಟು ನೆನಪಿಟ್ಟರೆ ಅರ್ಧ ಕೆಲಸ ಆಯಿತು.

ಕಾರಣ ಹೇಳುತ್ತೇನೆ. ಮಂಗಳೂರು, ಹಾಸನ, ಬೆಂಗಳೂರು ಮೂರೂ ಹೆಚ್ಚು ಕಡಿಮೆ 13 ಡಿಗ್ರಿ ಅಕ್ಷಾಂಶದ ಮೇಲೇ ಇವೆ. ಅಂದರೆ ಒಂದೇ ಸಾಲಿನಲ್ಲಿ. ಮಂಗಳೂರಿನಿಂದ ಬೆಂಗಳೂರಿಗೆ ಹಾರುವ ವಿಮಾನ ಹೆಚ್ಚು ಕಡಿಮೆ ನಮ್ಮ ಜಿಲ್ಲೆಯ ಮೇಲೇ ಹೋಗುತ್ತದೆ. ಮಂಗಳೂರಿನಿಂದ ಬೆಂಗಳೂರು ಮೂಲಕ ದೆಹಲಿಗೆ ಟಿಕೆಟ್ ತಗೊಂಡರೆ ಏನಾಯಿತು? ಹಾಸನದಿಂದ 170 ಕಿ.ಮೀ. ಘಾಟಿ ಇಳಿದು ಹೋಗಿ, ವಿಮಾನ ಹತ್ತಿ, ವಾಪಸ್ ನಮ್ಮ ಮನೆ ಹೆಂಚಿನ ಮೇಲೇ ಹಾರಿಕೊಂಡು ಬೆಂಗಳೂರಿಗೆ ಬಂದು, ಅಲ್ಲಿ ಇನ್ನೊಂದು ವಿಮಾನ ಹತ್ತಿದಂತಾಯಿತು. ನೂರಿನ್ನೂರು ರೂಪಾಯಿ ಉಳಿಯಿತು ಅಂತ ಹೀಗೆ ಸುತ್ತುವವರನ್ನು ನೋಡಿದರೆ ಬೇಜಾರಾಗುತ್ತದೆ.

ದುಬೈ, ಅಬುಧಾಬಿಯಂಥ ಕೊಲ್ಲಿ ಊರುಗಳಿಗೆ, ಮುಂಬೈಗೆ ಹೋಗುವವರಿಗೆ ಮಾತ್ರ ಲೆಕ್ಕ ತಿರುವುಮುರುವು. ಮಂಗಳೂರಿನಿಂದ ದುಬೈಗೆ ನೇರ ದೂರ ಸುಮಾರು 2,460 ಕಿ.ಮೀ., ಬೆಂಗಳೂರಿನಿಂದ 2,700. ಮುಂಬೈಗೆ ಮಂಗಳೂರಿನಿಂದ 715, ಬೆಂಗಳೂರಿನಿಂದ 835. ಆಕಾಶದಲ್ಲೂ ಹತ್ತಿರ, ನಿಲ್ದಾಣವೂ ಚಿಕ್ಕದು, ಒಳಗೆ ನಡೆಯುವುದೂ ಕಡಿಮೆ. ಮೂಡಿಗೆರೆ, ಸಕಲೇಶಪುರದ ಕಡೆಯವರಿಗಂತೂ ಇದೇ ಸರಿ.

ಆದರೆ ಮಧ್ಯೆ ಘಾಟಿ ಇದೆ.

ಘಾಟಿ ರಸ್ತೆಯಲ್ಲಿ ಎಷ್ಟು ಹೊತ್ತು ಇಟ್ಟುಕೊಳ್ಳಬೇಕು?

ಚಿಕ್ಕಮಗಳೂರಿನಿಂದ ಮಂಗಳೂರು ಏರ್‌ಪೋರ್ಟಿಗೆ ನೇರ ದೂರ ಬರೀ 100 ಕಿ.ಮೀ. ಚಿಲ್ಲರೆ. ರಸ್ತೆ 150. ಈ ಐವತ್ತು ಕಿ.ಮೀ. ವ್ಯತ್ಯಾಸದಲ್ಲಿ ದೊಡ್ಡ ಪಾಲು ಚಾರ್ಮಾಡಿಯ ತಿರುವುಗಳದ್ದು. ಹಾಸನದಿಂದ ನೇರ 130, ರಸ್ತೆ 170. ಅದು ಶಿರಾಡಿ ಘಾಟಿಯ ಲೆಕ್ಕ.

ಬೇಸಿಗೆಯಲ್ಲಿ ನಾಲ್ಕು ಗಂಟೆ ಸಾಕು. ಮಳೆಗಾಲದಲ್ಲಿ ಆರು ಗಂಟೆ ಇಟ್ಟುಕೊಳ್ಳಿ, ಮತ್ತೆ ಹೊರಡುವ ಮುಂಚೆ ರಸ್ತೆ ತೆರೆದಿದೆಯಾ ಅಂತ ವಿಚಾರಿಸಿ. 2018ರಲ್ಲಿ ಶಿರಾಡಿ, 2019ರಲ್ಲಿ ಚಾರ್ಮಾಡಿ ಗುಡ್ಡ ಕುಸಿದು ಬಂದ್ ಆಗಿದ್ದು ಎಲ್ಲರಿಗೂ ನೆನಪಿದೆ. 2024ರ ಜುಲೈನಲ್ಲೂ ಸಕಲೇಶಪುರದ ಆಚೆ ಮಣ್ಣು ಜಾರಿ ಶಿರಾಡಿ ದಾರಿ ಪದೇ ಪದೇ ನಿಂತಿತ್ತು. ಒಂದು ಘಾಟಿ ಮುಚ್ಚಿದರೆ ಅದರ ವಾಹನವೆಲ್ಲ ಇನ್ನೊಂದಕ್ಕೆ ಬರುತ್ತದೆ, ಅಲ್ಲೂ ಸಾಲು ನಿಲ್ಲುತ್ತದೆ. ಜೂನ್ ಕೊನೆಯಿಂದ ಆಗಸ್ಟ್ ತನಕ ನಾನಾದರೆ ಯಾರಿಗೂ ಮಂಗಳೂರಿನ ಟಿಕೆಟ್ ತೆಗೆಯಿರಿ ಅನ್ನುವುದಿಲ್ಲ. ವೀಸಾ ಮುಗಿಯುವ ತಾರೀಕು ಹತ್ತಿರ ಇದ್ದವರಿಗಂತೂ ಬೇಡವೇ ಬೇಡ.

ಶಿರಾಡಿ ಇಳಿದು ಹೋಗುವವರು ಬಿ.ಸಿ.ರೋಡಿನಿಂದ ಪೊಳಲಿ, ಕೈಕಂಬದ ದಾರಿ ಹಿಡಿದರೆ ಮಂಗಳೂರು ಊರೊಳಗೆ ಹೋಗದೆ ಬಜ್ಪೆಯ ಏರ್‌ಪೋರ್ಟ್ ಸೇರಬಹುದು. ಚಾರ್ಮಾಡಿ ಕಡೆಯಿಂದ ಹೋಗುವವರಿಗೆ ಒಂದು ಮಾತು: ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲುವುದಾದರೆ ಆ ಅರ್ಧ ಗಂಟೆಯನ್ನೂ ಮೊದಲೇ ಲೆಕ್ಕಕ್ಕೆ ಸೇರಿಸಿ. ನಿಲ್ಲಲ್ಲ ಅಂತ ಹೊರಟವರೂ ಅಲ್ಲಿ ನಿಲ್ಲುತ್ತಾರೆ.

ಹಾಸನದಿಂದ ಬೆಂಗಳೂರು ಏರ್‌ಪೋರ್ಟಿಗೆ ಎಷ್ಟು ಗಂಟೆಗೆ ಹೊರಡಬೇಕು?

ಹಿಂದಿನಿಂದ ಲೆಕ್ಕ ಹಾಕಿ. ದೇಶದೊಳಗಿನ ವಿಮಾನಕ್ಕೆ ಲಗೇಜು ಕೊಡುವ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮುಂಚೆ ಮುಚ್ಚುತ್ತದೆ. ಬೋರ್ಡಿಂಗ್ ಗೇಟ್ 25 ನಿಮಿಷ ಮುಂಚೆ. ಟಿಕೆಟ್ಟಿನಲ್ಲಿರುವ ಸಮಯಕ್ಕೆ ಹೋಗಿ ನಿಂತರೆ ವಿಮಾನ ಕಣ್ಣೆದುರೇ ಇದ್ದರೂ ಹತ್ತಿಸುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರಿಗೆ ಕೈ ತೋರಿಸಿ ನಿಲ್ಲಿಸಿದ ಹಾಗಲ್ಲ ಇದು.

ಬೆಳಿಗ್ಗೆ 6ರ ದೆಹಲಿ ವಿಮಾನ ಅಂದುಕೊಳ್ಳಿ. 4ಕ್ಕೆ ಅಲ್ಲಿರಬೇಕು. ಹಾಸನದಿಂದ ರಾತ್ರಿ 12ರೊಳಗೆ ಹೊರಡಬೇಕು. ಅಂದರೆ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಮಧ್ಯಾಹ್ನ 2ರ ವಿಮಾನವಾದರೆ ಬೆಳಿಗ್ಗೆ 7ಕ್ಕೆ ಹೊರಟು, ದಾರಿಯಲ್ಲಿ ತಿಂಡಿ ತಿಂದು, ಆರಾಮಾಗಿ 12ಕ್ಕೆ ಸೇರಬಹುದು. ಬೆಳಗಿನ ಜಾವದ ಟಿಕೆಟ್ ಸ್ವಲ್ಪ ಅಗ್ಗ ಇರಬಹುದು. ಆದರೆ ರಾತ್ರಿ ಬಾಡಿಗೆ ಕಾರು, ನಿದ್ದೆಗೆಟ್ಟ ಡ್ರೈವರ್, ಎಲ್ಲ ಸೇರಿಸಿದರೆ ಅಗ್ಗ ಅನ್ನಿಸುವುದಿಲ್ಲ. ನಮ್ಮ ಊರಿನವರಿಗೆ ಹನ್ನೆರಡರಿಂದ ನಾಲ್ಕರೊಳಗಿನ ವಿಮಾನವೇ ಸರಿ.

ದಾರಿ ಹೀಗೆ: ಚನ್ನರಾಯಪಟ್ಟಣ, ಹಿರೀಸಾವೆ, ಬೆಳ್ಳೂರು ಕ್ರಾಸ್, ಯಡಿಯೂರು, ಕುಣಿಗಲ್, ನೆಲಮಂಗಲ. ನೆಲಮಂಗಲದ ತನಕ ನಾಲ್ಕು ಪಥದ ಒಳ್ಳೆಯ ರಸ್ತೆ. ಅಲ್ಲಿಂದ ಎರಡು ಆಯ್ಕೆ. ನೇರ ಹೋದರೆ ಗೊರಗುಂಟೆಪಾಳ್ಯ, ಹೆಬ್ಬಾಳ. ಅಲ್ಲಿ ಸಂಜೆ ಹೊತ್ತು ಸಿಕ್ಕಿಹಾಕಿಕೊಂಡರೆ ದೇವರೇ ಕಾಪಾಡಬೇಕು. ಎಡಕ್ಕೆ ತಿರುಗಿ ಮಧುರೆ, ದೊಡ್ಡಬಳ್ಳಾಪುರದ ಮೇಲೆ ಹೋದರೆ ಬೆಂಗಳೂರು ಊರೇ ಸಿಗುವುದಿಲ್ಲ. ದೂರ ದೊಡ್ಡ ವ್ಯತ್ಯಾಸ ಇಲ್ಲ, ಸಮಯ ಮಾತ್ರ ಹೇಳಿದ ಹಾಗೆ ಇರುತ್ತದೆ.

ಇನ್ನು ಯಡಿಯೂರು. "ಹತ್ತೇ ನಿಮಿಷ, ಸಿದ್ಧಲಿಂಗೇಶ್ವರನಿಗೆ ಕೈ ಮುಗಿದು ಬರೋಣ" ಅನ್ನುತ್ತಾರೆ. ಹಿರಿಯರು ಕಾರಿನಲ್ಲಿದ್ದರೆ ಅದು ಮುಕ್ಕಾಲು ಗಂಟೆ. ಬೇಡ ಅನ್ನುವುದು ಕಷ್ಟ, ಹಾಗಾಗಿ ಮೊದಲೇ ಸೇರಿಸಿ.

ಹಾಸನದ ಬಗ್ಗೆ ಒಂದು ತಮಾಷೆಯ ಲೆಕ್ಕ. ನಮ್ಮೂರಿನಲ್ಲಿ 1982ರಿಂದ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. ಅಲ್ಲಿಂದ 36,000 ಕಿ.ಮೀ. ಮೇಲಿರುವ ಉಪಗ್ರಹಕ್ಕೆ ಸಂಕೇತ ಮುಟ್ಟಲು ಸೆಕೆಂಡಿನ ಎಂಟನೇ ಒಂದು ಪಾಲು ಸಾಕು. ನಾವು ದೇವನಹಳ್ಳಿ ಮುಟ್ಟಲು ನಾಲ್ಕು ಗಂಟೆ.

ಬಸ್ಸು, ರೈಲಿನಲ್ಲಿ ಹೋಗಬಹುದಾ?

ಹೋಗಬಹುದು, ಲಗೇಜು ಕಡಿಮೆ ಇದ್ದರೆ. ಹಾಸನದಿಂದ ಬೆಂಗಳೂರಿಗೆ ಕೆಎಸ್‌ಆರ್‌ಟಿಸಿ ಬಸ್ಸುಗಳಿಗೆ ಬರವಿಲ್ಲ, ಮೆಜೆಸ್ಟಿಕ್‌ಗೆ ನಾಲ್ಕು ಗಂಟೆ. ಅಲ್ಲಿಂದ ಬಿಎಂಟಿಸಿಯ ವಾಯುವಜ್ರ ಬಸ್ಸು ಏರ್‌ಪೋರ್ಟಿಗೆ ಹೋಗುತ್ತದೆ, ಇನ್ನೊಂದರಿಂದ ಒಂದೂವರೆ ಗಂಟೆ. ಗೊತ್ತಿರುವವರು ಮೆಜೆಸ್ಟಿಕ್ ತನಕ ಹೋಗುವುದೇ ಇಲ್ಲ. ಗೊರಗುಂಟೆಪಾಳ್ಯದಲ್ಲಿ ಇಳಿದು ಹೆಬ್ಬಾಳದ ಕಡೆ ಹೋಗಿ ವಾಯುವಜ್ರ ಹಿಡಿಯುತ್ತಾರೆ.

ಶ್ರವಣಬೆಳಗೊಳ, ಕುಣಿಗಲ್ ಮೇಲಿನ ರೈಲು ಮಾರ್ಗ 2017ರಲ್ಲಿ ಶುರುವಾದ ಮೇಲೆ ಹಾಸನದಿಂದ ಯಶವಂತಪುರಕ್ಕೆ ಮೂರು ಗಂಟೆ ಆಸುಪಾಸಿನಲ್ಲಿ ಹೋಗಬಹುದು. ಚಿಕ್ಕಮಗಳೂರಿಗೆ ರೈಲು ಬಂದಿದ್ದು 2013ರಲ್ಲಿ, ಕಡೂರಿನ ಮೇಲೆ. ರೈಲು ಹೊರಡುವ ಹೊತ್ತು ನಿಮ್ಮ ವಿಮಾನಕ್ಕೆ ಹೊಂದಿದರೆ ಒಳ್ಳೆಯದು. ಹೊಂದುವುದು ಅಪರೂಪ.

ಚಿಕ್ಕಮಗಳೂರಿನಿಂದ ಏರ್‌ಪೋರ್ಟಿಗೆ ಹಾಸನದ ಮೇಲೆ ಹೋಗುವುದಾ, ಕಡೂರಿನ ಮೇಲಾ?

ಎರಡೂ ದಾರಿಯಲ್ಲಿ ಐದು ಗಂಟೆ. ಬೇಲೂರು, ಹಾಸನದ ಮೇಲೆ ಹೋದರೆ ಹಾಸನದ ಆಚೆ ರಸ್ತೆ ಅಗಲ, ಊಟ ತಿಂಡಿಗೆ ಜಾಗ ಜಾಸ್ತಿ. ಕಡೂರು, ಅರಸೀಕೆರೆ, ತಿಪಟೂರು, ತುಮಕೂರಿನ ಮೇಲೆ ಹೋದರೆ ಇನ್ನೊಂದು ಅನುಕೂಲ ಇದೆ. ದಾಬಸ್‌ಪೇಟೆಯಲ್ಲೇ ತಿರುಗಿ ದೊಡ್ಡಬಳ್ಳಾಪುರದ ಕಡೆಗೆ ಹೊಸ ರಸ್ತೆ ಹಿಡಿಯಬಹುದು. ನೆಲಮಂಗಲವೂ ಬೇಡ, ಬೆಂಗಳೂರೂ ಬೇಡ. ಕಡೂರು, ತರೀಕೆರೆ, ಅಜ್ಜಂಪುರದ ಕಡೆಯವರಿಗೆ ಇದು ಬಿಟ್ಟು ಬೇರೆ ಯೋಚನೆಯೇ ಬೇಡ. ಮೂಡಿಗೆರೆಯವರು ಹಾಸನದ ಮೇಲೇ ಹೋಗಿ.

ಶಿವಮೊಗ್ಗದಿಂದ ಹಾರುವುದು ಹೇಗೆ?

ಸೋಗಾನೆಯ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆ ಆಯಿತು. ಮೊದಲ ಪ್ರಯಾಣಿಕರ ವಿಮಾನ ಬಂದಿದ್ದು ಅದೇ ವರ್ಷ ಆಗಸ್ಟ್ 31ಕ್ಕೆ, ಬೆಂಗಳೂರಿನಿಂದ. ರನ್‌ವೇ 3,200 ಮೀಟರ್. ಚಿಕ್ಕಮಗಳೂರಿನಿಂದ ಎರಡು ಗಂಟೆಯಲ್ಲಿ ಸೇರಬಹುದು, ಘಾಟಿ ಇಲ್ಲ, ಟ್ರಾಫಿಕ್ ಇಲ್ಲ.

ನಿಮಗೆ ಬೇಕಾದ ಊರಿಗೆ ಅಲ್ಲಿಂದ ನೇರ ವಿಮಾನ ಇದ್ದರೆ ಕಣ್ಣು ಮುಚ್ಚಿ ತಗೊಳ್ಳಿ. ಬೆಂಗಳೂರಿಗೆ ಹೋಗಿ ಬದಲಾಯಿಸುವುದಾದರೆ ಮಾತ್ರ ಒಂದೇ ಟಿಕೆಟ್ಟಿನಲ್ಲಿ ಎರಡೂ ವಿಮಾನ ಇರಲಿ. ವಿಮಾನಗಳ ದಿನ, ಊರು ಆಗಾಗ ಬದಲಾಗುತ್ತವೆ. ಕಳೆದ ವರ್ಷ ಪಕ್ಕದ ಮನೆಯವರು ಹೋಗಿದ್ದರು ಅಂತ ನಂಬಿ ಕೂರಬೇಡಿ.

ಮೈಸೂರು?

ಹೊಳೆನರಸೀಪುರ, ಅರಕಲಗೂಡಿನವರಿಗೆ ರಸ್ತೆ ಹತ್ತಿರ. ಆದರೆ ರನ್‌ವೇ ಚಿಕ್ಕದು, ಸಣ್ಣ ವಿಮಾನಗಳೇ ಜಾಸ್ತಿ, ಊರುಗಳು ಕಡಿಮೆ.

ನಮ್ಮ ಹಾಸನಕ್ಕೇ ವಿಮಾನ ಯಾವಾಗ?

ಬೂವನಹಳ್ಳಿಯ ವಿಮಾನ ನಿಲ್ದಾಣದ ಮಾತು ದೇವೇಗೌಡರು ಅಧಿಕಾರದಲ್ಲಿದ್ದ ಕಾಲದಿಂದ ಇದೆ. ಆಗ ಕೇಳಿದ ಮಕ್ಕಳಿಗೆ ಈಗ ಮಕ್ಕಳಾಗಿವೆ. ಕೆಲಸ ನಿಂತು, ಮತ್ತೆ ಶುರುವಾಗಿ, ಹೀಗೇ ನಡೆದಿದೆ. ಚಿಕ್ಕಮಗಳೂರಿನಲ್ಲೂ ಸಣ್ಣ ಏರ್‌ಸ್ಟ್ರಿಪ್ ಬೇಕು ಅನ್ನುವ ಬೇಡಿಕೆ ಹಳೆಯದು. ಆದಾಗ ನೋಡೋಣ. ಈ ಬೇಸಿಗೆಯ ಟಿಕೆಟ್ ದೇವನಹಳ್ಳಿಯಿಂದಲೇ ತೆಗೆಯಿರಿ.

ಟಿಕೆಟ್ಟಿನಲ್ಲಿ ಒಂದು ಗಂಟೆ ಹತ್ತು ನಿಮಿಷ ಅಂತ ಇತ್ತು, ಆಕಾಶದಲ್ಲಿ ಇದ್ದಿದ್ದು ನಲವತ್ತೇ ನಿಮಿಷ. ಯಾಕೆ?

ಮಂಗಳೂರು-ಬೆಂಗಳೂರು ವಿಮಾನದಲ್ಲಿ ಹೋದವರೆಲ್ಲ ಇದನ್ನು ಗಮನಿಸಿರುತ್ತಾರೆ. ನೇರ ದೂರ 305 ಕಿ.ಮೀ. ಅಷ್ಟೇ. ಟಿಕೆಟ್ಟಿನ ಸಮಯ ವಿಮಾನ ನಿಂತ ಜಾಗ ಬಿಟ್ಟಾಗ ಶುರುವಾಗಿ, ಇನ್ನೊಂದು ಊರಿನಲ್ಲಿ ನಿಂತಾಗ ಮುಗಿಯುತ್ತದೆ. ರನ್‌ವೇ ತನಕ ಉರುಳುವುದು, ಸರದಿಗೆ ಕಾಯುವುದು, ಇಳಿದ ಮೇಲೆ ಮತ್ತೆ ಉರುಳುವುದು ಎಲ್ಲ ಅದರೊಳಗೇ. ಕಂಪನಿಗಳು ತಡವಾಯಿತು ಅನ್ನಿಸಿಕೊಳ್ಳಬಾರದು ಅಂತ ಹತ್ತು ಹದಿನೈದು ನಿಮಿಷ ಮೇಲೆ ಹಾಕಿರುತ್ತವೆ. ಹಾಗಾಗಿಯೇ ಕೆಲವು ಸಲ "ಇಪ್ಪತ್ತು ನಿಮಿಷ ಮುಂಚೆಯೇ ಬಂದೆವು" ಅಂತ ಹೆಮ್ಮೆಯಿಂದ ಹೇಳುತ್ತಾರೆ.

ವಿಮಾನದ ಜಾತಿಯೂ ಮುಖ್ಯ. ಏರ್‌ಬಸ್ ಎ320, ಬೋಯಿಂಗ್ 737ನಂಥ ಜೆಟ್ ಗಂಟೆಗೆ 830 ಕಿ.ಮೀ. ಆಸುಪಾಸು ಹೋಗುತ್ತದೆ. ಹೊರಗೆ ಫ್ಯಾನ್ ರೆಕ್ಕೆ ಕಾಣುವ ಎಟಿಆರ್ 500ರಷ್ಟು. ಚಿಕ್ಕ ದೂರಕ್ಕೆ ಇದರಿಂದ ಹತ್ತು ಹದಿನೈದು ನಿಮಿಷ ವ್ಯತ್ಯಾಸ, ದೊಡ್ಡ ದೂರಕ್ಕೆ ಎಟಿಆರ್ ಬಳಸುವುದೇ ಇಲ್ಲ.

ದುಬೈಗೆ ಹೋಗುವಾಗ ನಾಲ್ಕು ಗಂಟೆ, ಬರುವಾಗ ಮೂರೂವರೆ. ದೂರ ಒಂದೇ ಅಲ್ವಾ?

ದೂರ ಒಂದೇ, ಗಾಳಿ ಬೇರೆ. ಹತ್ತು ಹನ್ನೊಂದು ಕಿ.ಮೀ. ಎತ್ತರದಲ್ಲಿ ವರ್ಷದ ಹೆಚ್ಚಿನ ದಿನ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ, ಚಳಿಗಾಲದಲ್ಲಿ ಇನ್ನೂ ಜೋರು. ನಮ್ಮ ಕಡೆಗೆ ಬರುವ ವಿಮಾನವನ್ನು ಅದು ತಳ್ಳುತ್ತದೆ, ಆ ಕಡೆ ಹೋಗುವುದನ್ನು ತಡೆಯುತ್ತದೆ. ಲಂಡನ್‌ಗೂ ಹಾಗೆಯೇ. ಬೆಂಗಳೂರಿನಿಂದ ಸುಮಾರು 8,000 ಕಿ.ಮೀ., ಹೋಗುವಾಗ ಹತ್ತೂವರೆ ಗಂಟೆ ಮೀರಬಹುದು, ಬರುವಾಗ ಅದಕ್ಕಿಂತ ಬೇಗ.

ಮಳೆಗಾಲದಲ್ಲಿ ದಕ್ಷಿಣ ಭಾರತದ ಮೇಲೆ ಕಥೆ ಬದಲು. ಕೆಳಗೆ ನಮ್ಮ ತೋಟಕ್ಕೆ ಮಳೆ ತರುವ ಗಾಳಿ ಪಶ್ಚಿಮದಿಂದ ಬರುತ್ತಿದ್ದರೆ, ಬಹಳ ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಇನ್ನೊಂದು ಜೋರು ಗಾಳಿ ಇರುತ್ತದೆ. ಆಗ ಈ ಅರ್ಧ ಗಂಟೆಯ ವ್ಯತ್ಯಾಸ ಕಡಿಮೆಯಾಗುವುದುಂಟು.

ದೆಹಲಿಗೆ ಹೋಗುವುದು ದಕ್ಷಿಣದಿಂದ ಉತ್ತರಕ್ಕೆ. ಅಡ್ಡ ಗಾಳಿ, ಹಾಗಾಗಿ ಹೋಗುವುದಕ್ಕೂ ಬರುವುದಕ್ಕೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

ಬೆಳಿಗ್ಗೆ 10ಕ್ಕೆ ಹೊರಟು 12.30ಕ್ಕೆ ದುಬೈ ಅಂತ ಇದೆ. ಎರಡೂವರೆ ಗಂಟೆಯಲ್ಲಿ ಹೋಗುತ್ತಾ?

ಇಲ್ಲ, ನಾಲ್ಕು ಗಂಟೆ. ಹೊರಡುವ ಸಮಯ ನಮ್ಮದು, ತಲುಪುವ ಸಮಯ ಅಲ್ಲಿಯದು. ಎಲ್ಲ ಟಿಕೆಟ್ಟಿನಲ್ಲೂ ಹೀಗೆಯೇ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಸಿಂಗಪುರ ಎರಡೂವರೆ ಗಂಟೆ ಮುಂದೆ. ಲಂಡನ್ ಚಳಿಗಾಲದಲ್ಲಿ ಐದೂವರೆ, ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಕ್ಯಾಲಿಫೋರ್ನಿಯಾ ಚಳಿಗಾಲದಲ್ಲಿ ಹದಿಮೂರೂವರೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದೆ.

ಬರುವಾಗ ತಾರೀಕೇ ಬದಲಾಗುತ್ತದೆ. ದುಬೈಯಿಂದ ರಾತ್ರಿ 10ಕ್ಕೆ ಹೊರಟರೆ ಬೆಂಗಳೂರಿನಲ್ಲಿ ಮಾರನೇ ದಿನ ಬೆಳಗಿನ ಜಾವ 3. ಕರೆತರಲು ಹೋಗುವ ಕಾರಿನವರಿಗೆ ತಲುಪುವ ತಾರೀಕನ್ನೇ ಹೇಳಿ.

"15ನೇ ತಾರೀಕು 00.30" ಅಂದರೆ ಯಾವ ರಾತ್ರಿ?

14ರ ರಾತ್ರಿ. ಇದನ್ನು ಕೆಂಪು ಪೆನ್ನಿನಲ್ಲಿ ಕ್ಯಾಲೆಂಡರಿನ ಮೇಲೆ ಬರೆದಿಡಿ. ಹಾಸನದಿಂದ 14ರ ಸಂಜೆ 5ಕ್ಕೆ ಹೊರಡಬೇಕು, ವಿದೇಶದ ವಿಮಾನವಾದರೆ ಮೂರು ಗಂಟೆ ಮುಂಚೆ ಅಲ್ಲಿರಬೇಕು. 15ರ ಸಂಜೆ ಪೂಜೆ ಮುಗಿಸಿ, ಮಾವಿನಕಾಯಿ ಉಪ್ಪಿನಕಾಯಿ ಕಟ್ಟಿಕೊಂಡು ಹೊರಟವರ ವಿಮಾನ ಹಿಂದಿನ ರಾತ್ರಿಯೇ ಹೋಗಿರುತ್ತದೆ. ಟಿಕೆಟ್ ದುಡ್ಡೂ ವಾಪಸ್ ಬರುವುದಿಲ್ಲ.

ಅಮೆರಿಕಕ್ಕೆ ಹೋಗುವ ವಿಮಾನ ಮ್ಯಾಪಿನಲ್ಲಿ ಸುಮ್ನೆ ಮೇಲೆ ಬಾಗಿಕೊಂಡು ಯಾಕೆ ಹೋಗುತ್ತದೆ?

ಭೂಮಿ ದುಂಡಗಿದೆ, ಮ್ಯಾಪು ಚಪ್ಪಟೆ. ಕಾಗದದ ಮೇಲೆ ನೇರ ಕಂಡಿದ್ದು ನಿಜಕ್ಕೂ ಸುತ್ತು, ಬಾಗಿದ್ದೇ ಹತ್ತಿರದ ದಾರಿ. ನಂಬಿಕೆ ಬಾರದಿದ್ದರೆ ಶಾಲೆಯ ಗ್ಲೋಬಿನ ಮೇಲೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ದಾರ ಎಳೆದು ಬಿಗಿ ಮಾಡಿ. ದಾರ ತಾನೇ ಉತ್ತರ ಧ್ರುವದ ಹತ್ತಿರ ಸರಿಯುತ್ತದೆ. ನೇರ ದೂರ ಸುಮಾರು 14,000 ಕಿ.ಮೀ.

2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಹಾರಿಸಿದಾಗ ಇದೇ ಧ್ರುವದ ದಾರಿ ಹಿಡಿದಿತ್ತು. ಹಾರಿಸಿದವರೆಲ್ಲ ಮಹಿಳಾ ಪೈಲಟ್‌ಗಳು. ಸುಮಾರು 17 ಗಂಟೆಯ ಪ್ರಯಾಣ.

ಮಧ್ಯೆ ವಿಮಾನ ಬದಲಾಯಿಸಬೇಕಿದ್ದರೆ ಎಷ್ಟು ಬಿಡುವು ಇರಬೇಕು?

ಒಂದೇ ಟಿಕೆಟ್ಟಿನಲ್ಲಿ ಎರಡೂ ವಿಮಾನ ಇದ್ದರೆ ಕಂಪನಿ ಕೊಟ್ಟ ಬಿಡುವು ಸಾಕು. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಬೇರೆ ಕೊಡಿಸುವುದು ಅವರ ಜವಾಬ್ದಾರಿ. ಬೇರೆ ಬೇರೆ ಟಿಕೆಟ್ ತೆಗೆದಿದ್ದರೆ ಆ ಜವಾಬ್ದಾರಿ ನಿಮ್ಮದು. ಆಗ ದೇಶದೊಳಗೆ ನಾಲ್ಕು ಗಂಟೆ, ವಿದೇಶಕ್ಕೆ ಆರು ಗಂಟೆಯಾದರೂ ಇರಲಿ. ಲಗೇಜು ಹೊರಗೆ ತಗೊಂಡು ಮತ್ತೆ ಕೊಡಬೇಕು. ಬೆಂಗಳೂರಿನಲ್ಲಿ ಟರ್ಮಿನಲ್ ಎರಡಿವೆ, ವಿದೇಶದ ವಿಮಾನಗಳೆಲ್ಲ 2ರಿಂದ. ಡಿಸೆಂಬರ್, ಜನವರಿಯಲ್ಲಿ ದೆಹಲಿಯಲ್ಲಿ ಬದಲಾಯಿಸುವ ಟಿಕೆಟ್ ಆದಷ್ಟು ಬೇಡ, ಮಂಜಿನಿಂದ ಬೆಳಗಿನ ವಿಮಾನಗಳೆಲ್ಲ ಹಿಂದೆ ಬೀಳುತ್ತವೆ.

ಅಪ್ಪ ಅಮ್ಮ ಮೊದಲ ಸಲ ಹೋಗುತ್ತಿದ್ದಾರೆ. ಅಷ್ಟು ಎತ್ತರದಲ್ಲಿ ಉಸಿರಾಟಕ್ಕೆ ತೊಂದರೆ ಆಗುತ್ತಾ?

ವಿಮಾನ ಹತ್ತು ಕಿ.ಮೀ. ಎತ್ತರದಲ್ಲಿದ್ದರೂ ಒಳಗಿನ ಗಾಳಿಯ ಒತ್ತಡ 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದಲ್ಲಿರುವಷ್ಟು ಇರುತ್ತದೆ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಗಿರಿಯ ಮೇಲೆ ನಿಂತು ಆರಾಮಾಗಿ ಮಾತಾಡುವವರಿಗೆ ವಿಮಾನದಲ್ಲೂ ಸಾಮಾನ್ಯವಾಗಿ ತೊಂದರೆ ಇರುವುದಿಲ್ಲ. ಹೃದಯ, ಶ್ವಾಸಕೋಶದ ಕಾಯಿಲೆ ಇದ್ದವರು, ಇತ್ತೀಚೆಗೆ ಆಪರೇಷನ್ ಆದವರು ಡಾಕ್ಟರನ್ನು ಕೇಳಿಯೇ ಹೊರಡಬೇಕು.

ಕಿವಿ ನೋಯುವುದು ಇಳಿಯುವಾಗ ಜಾಸ್ತಿ. ಪೆಪ್ಪರ್‌ಮೆಂಟ್ ಚೀಪಿದರೆ, ಎಂಜಲು ನುಂಗುತ್ತಿದ್ದರೆ ಸರಿಹೋಗುತ್ತದೆ. ಗಾಲಿ ಕುರ್ಚಿ ಬೇಕಿದ್ದರೆ ಟಿಕೆಟ್ ತೆಗೆಯುವಾಗಲೇ ಹೇಳಿ. ಮಂಡಿ ನೋವಿದ್ದೂ ಸಂಕೋಚದಿಂದ ಬೇಡ ಅನ್ನುತ್ತಾರೆ. ಬೆಂಗಳೂರಿನ ಟರ್ಮಿನಲ್‌ನಲ್ಲಿ ಗೇಟಿಗೆ ನಡೆಯುವ ದೂರ ನೋಡಿದ ಮೇಲೆ ಕೇಳಿದರೆ ತಡವಾಗಿರುತ್ತದೆ.

ಕಾಫಿ ಪುಡಿ, ಕೊಬ್ಬರಿ, ಉಪ್ಪಿನಕಾಯಿ ಒಯ್ಯಬಹುದಾ?

ಕಾಫಿ ಪುಡಿ ಒಯ್ಯಬಹುದು. ಅಮೆರಿಕಕ್ಕೆ ಹೋಗುವವರು ಮಾತ್ರ ಅದನ್ನು ಕೈಚೀಲದಲ್ಲಿ ಇಡಬೇಡಿ. 350 ಮಿಲಿಲೀಟರ್ ಡಬ್ಬಿಗಿಂತ ಜಾಸ್ತಿ ಪುಡಿ ಇದ್ದರೆ ಬಿಚ್ಚಿ ತಪಾಸಣೆ ಮಾಡುತ್ತಾರೆ, ಬಿಸಾಡಿಸಲೂಬಹುದು. ಒಳಗೆ ಹಾಕುವ ದೊಡ್ಡ ಲಗೇಜಿನಲ್ಲಿ ಎರಡು ಕವರ್ ಸುತ್ತಿ ಇಡಿ, ಬಟ್ಟೆಗೆಲ್ಲ ವಾಸನೆ ಹತ್ತುತ್ತದೆ. ಖಾರದ ಪುಡಿಯೂ ಕೈಚೀಲದಲ್ಲಿ ಬೇಡ.

ಕೊಬ್ಬರಿ ಗಿಟುಕು ತೊಂದರೆಯ ವಸ್ತು. ಅರಸೀಕೆರೆ ಕಡೆಯವರು ಮಗಳಿಗೆ ಅಂತ ಕಟ್ಟಿದ ಕೊಬ್ಬರಿಯನ್ನು ಏರ್‌ಪೋರ್ಟಿನಲ್ಲಿ ತೆಗೆಸುತ್ತಾರೆ. ಎಣ್ಣೆ ಅಂಶ ಇರುವ ಒಣ ಕೊಬ್ಬರಿ ತಾನಾಗಿಯೇ ಕಾವೇರುವ ವಸ್ತು ಅಂತ ವಿಮಾನದ ನಿಯಮದಲ್ಲಿ ಅಪಾಯದ ಪಟ್ಟಿಗೆ ಸೇರಿದೆ. ಉಪ್ಪಿನಕಾಯಿ, ತುಪ್ಪ ದೊಡ್ಡ ಲಗೇಜಿಗೆ. ಮುಚ್ಚಳಕ್ಕೆ ಟೇಪು ಸುತ್ತಿ. ದೇಶದೊಳಗಿನ ಟಿಕೆಟ್ಟಿನಲ್ಲಿ ಸಾಮಾನ್ಯವಾಗಿ ದೊಡ್ಡ ಲಗೇಜು 15 ಕೆಜಿ, ಕೈಚೀಲ 7 ಕೆಜಿ. ಮನೆಯಲ್ಲೇ ತೂಕ ನೋಡಿ ಹೊರಡಿ. ಕೌಂಟರಿನ ಮುಂದೆ ಚೀಲ ಬಿಚ್ಚಿ, ಚಕ್ಕುಲಿ ಡಬ್ಬಿ ಇಡುವುದಾ, ಸ್ವೆಟರ್ ಇಡುವುದಾ ಅಂತ ಗಂಡ ಹೆಂಡತಿ ಜಗಳ ಮಾಡುವುದು ದಿನಾ ಕಾಣುವ ದೃಶ್ಯ. ಹೆಚ್ಚಿನ ಸಲ ಗೆಲ್ಲುವುದು ಚಕ್ಕುಲಿ.